ಹುಳದ ಮನೆಯಿಂದ ಹಾಜರಿ

ನನಗೆ ಸ್ವಂತದ್ದು ಅಂತ ಒಂದು ದನಿ ಇದೆಯೋ ಇಲ್ಲವೋ ಎಂಬ ಅನುಮಾನ ಹೆತ್ತ ತಾಯಿಗೂ ಇದೆ. ಎದುರಿಗೆ ಯಾರು ಮಾತಾಡಿದರೂ ಐದೇ ನಿಮಿಷದಲ್ಲಿ ಅವರು ನನ್ನ ಬಾಯೊಳಗೆ ಬಂದು ಕೂತುಬಿಡುತ್ತಾರೆ. ಮುಳಬಾಗಿಲಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕನಾಗಿ ಉಳಿದುಕೊಂಡಿರುವುದೂ ಈ ಚಟದಿಂದಲೇ. ಬೇಡಿಕೆ, ಪೂರೈಕೆಯನ್ನು ಕೋಲಾರದ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವವನ ದನಿಯಲ್ಲಿ ಹೇಳಿದರೆ ಹಿಂದಿನ ಬೆಂಚಿಗೂ ಎಚ್ಚರವಾಗುತ್ತದೆ. ನನ್ನದೇ ದನಿಯಲ್ಲಿ ಹೇಳಿದರೆ ಮೊದಲು ಆಕಳಿಸುವವನು ನಾನೇ.

ತೊಂದರೆ ಇದ್ದದ್ದು ಶನಿವಾರದ್ದು. ಅಂದು ನನಗೆ ಒಂದೇ ಪಿರಿಯಡ್. ಅದಕ್ಕಾಗಿ ನಾನಿರುವ ಮಾಲೂರಿನಿಂದ ಕೋಲಾರಕ್ಕೊಂದು ಬಸ್ಸು, ಅಲ್ಲಿಂದ ಮುಳಬಾಗಿಲಿಗೆ ಇನ್ನೊಂದು. ಒಂದು ಗಂಟೆಯ ಪಾಠಕ್ಕೆ ಅಷ್ಟೊಂದು ಡೀಸೆಲ್ ಹೊಗೆ! ಹಳ್ಳಿಗಳಿಂದ ಬರುವ ಮಕ್ಕಳ ಪಾಡೂ ಅದೇ. “ಸಾರ್, ಶನಿವಾರ ಆನ್‌ಲೈನಲ್ಲಿ ಪಾಠ ಮಾಡ್ತೀನಿ, ರೆಕಾರ್ಡೂ ಕಳಿಸ್ತೀನಿ” ಎಂದು ಪ್ರಿನ್ಸಿಪಾಲರ ಬೆನ್ನು ಹತ್ತಿದೆ. ಅವರು ಕನ್ನಡಕದ ಮೇಲಿಂದ ನೋಡಿ, “ನಾಲ್ಕು ಶನಿವಾರ ನೋಡೋಣ ಕಣಯ್ಯಾ. ನಾಲ್ಕನೇದಕ್ಕೆ ನಾನೇ ಬಂದು ಕೂರ್ತೀನಿ. ಒಬ್ಬೊಬ್ಬರ ಮುಖಾನೂ ಕ್ಯಾಮೆರಾದಲ್ಲಿ ಕಾಣ್ಬೇಕು. ಒಂದು ಮುಖ ಕಮ್ಮಿಯಾದ್ರೂ ಮತ್ತೆ ನಿನ್ ಬಸ್ಸು, ನಿನ್ ಸೀಟು” ಎಂದರು. ಈ ಮಾತನ್ನು ಅವರದೇ ದನಿಯಲ್ಲಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ವರದಿ ಮಾಡಿದೆ. ಒಳಗಿದ್ದವರೆಲ್ಲ ಎದ್ದು ನಿಂತರು.

ಮೂರು ಶನಿವಾರ ಸಲೀಸಾಗಿ ಕಳೆದವು. ನಾಲ್ಕನೆಯದಕ್ಕೆ ಪ್ರಿನ್ಸಿಪಾಲರು ಕಾಲೇಜಿನ ತಮ್ಮ ಕುರ್ಚಿಯಿಂದಲೇ ತರಗತಿಗೆ ಸೇರಿದರು. ಎಲ್ಲ ಮುಖಗಳೂ ಕಂಡವು, ತಾಯಲೂರಿನ ಮಂಜುಳಾಳದೊಂದು ಬಿಟ್ಟು. ಅವಳ ಚೌಕ ಮಾತ್ರ ಕಪ್ಪು.

“ಯಾರಮ್ಮ ಅದು? ಕ್ಯಾಮೆರಾ ಹಾಕು.”

“ಸಾರ್, ರೇಷ್ಮೆ ಹುಳದ ಮನೇಲಿದ್ದೀನಿ. ಹುಳ ಹಣ್ಣಾಗಿ ಗೂಡು ಕಟ್ಟೋಕೆ ಇನ್ನು ಮೂರೇ ದಿನ, ಸೊಪ್ಪು ಹಾಕ್ತಾ ಹಾಕ್ತಾನೇ ಪಾಠ ಕೇಳ್ತಿದ್ದೀನಿ. ಕ್ಯಾಮೆರಾ ಹಾಕಿದ್ರೆ ನಮ್ಮಜ್ಜಿ...”

ಅಷ್ಟರಲ್ಲಿ ಅಜ್ಜಿಯ ದನಿಯೇ ಬಂತು. “ಎವರ್ರಾ ಅದಿ? ಯಾರ್ಲಾ ಅದು, ಕಾಲ್ ತೊಳೀದೆ ಹುಳಿನ್ ಮನೆ ನೋಡೋನು? ನಿನ್ ಕಣ್ಣು ಬಿದ್ದು ಹುಳ ಹೋದ್ರೆ ಗೂಡು ನೀನ್ ಕಟ್ತೀಯಾ?”

ಪ್ರಿನ್ಸಿಪಾಲರು ಎದ್ದು ಹೋದರು. ಖಾಲಿ ಕುರ್ಚಿ ನೋಡುತ್ತಾ ನಾನು ಮನಸ್ಸಿನಲ್ಲೇ ಮಾಲೂರು ಬಸ್‌ಸ್ಟ್ಯಾಂಡಿಗೆ ಹೋಗಿ ಸೀಟಿಗೆ ಟವೆಲ್ ಹಾಕಿದೆ. ಎರಡು ನಿಮಿಷ ಕಳೆಯಿತು. ಕುರ್ಚಿಗೆ ಪ್ರಿನ್ಸಿಪಾಲರು ಮರಳಿದರು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದ್ದರು. ಇಡೀ ತರಗತಿಯ ಮುಂದೆ, ನೀರು ತೊಟ್ಟಿಕ್ಕುವ ಒಂದು ಪಾದವನ್ನು ಎತ್ತಿ ಕ್ಯಾಮೆರಾಕ್ಕೆ ಹಿಡಿದರು.

“ತೊಳ್ಕೊಂಡ್ ಬಂದಿದ್ದೀನಿ, ನೋಡಿ ಅಜ್ಜಿ. ನಾನೂ ಹುಳದ ಮನೇಲಿ ಬೆಳೆದೋನೇ, ಕ್ಯಾಲನೂರಲ್ಲಿ. ನಮ್ಮಮ್ಮ ಹುಳ ಸಾಕ್ತಿದ್ರು. ಕಾಲ್ ತೊಳೀದೆ ಹೋದ್ರೆ ನನ್ನನ್ನೂ ಒಳಗ್ ಬಿಡ್ತಿರ್ಲಿಲ್ಲ.”

“ಇನ್ನೊಂದ್ ಕಾಲು?” ಎಂದರು ಅಜ್ಜಿ.

ಇನ್ನೊಂದು ಕಾಲೂ ಬಂತು.

“ಸರೇ. ಹಾಕೇ ಮಂಜೂ.”

ಕಪ್ಪು ಚೌಕ ಬೆಳಗಿತು. ಮಂಜುಳಾಳ ಮುಖ, ಅವಳ ಹಿಂದೆ ತಟ್ಟೆ ತಟ್ಟೆ ಹುಳ. ಸೊಪ್ಪು ತಿನ್ನುವ ಸದ್ದು ಸೋನೆ ಮಳೆಯಂತೆ ನಮ್ಮೆಲ್ಲರ ಮನೆಗೂ ಬಂತು. ಪ್ರಿನ್ಸಿಪಾಲರು ಪಾಠ ಮರೆತು, “ಸೊಪ್ಪು ಒದ್ದೆ ಇಲ್ವಲ್ಲಮ್ಮಾ?” ಎಂದು ವಿಚಾರಿಸಿಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡು ಘೋಷಿಸಿದರು: “ಹಾಜರಿ ಪೂರ್ತಿ. ಇನ್ಮೇಲೆ ಶನಿವಾರದ ಪಾಠ ಮನೆಯಿಂದಲೇ.” ಮಕ್ಕಳು ಹೋ ಎಂದರು. ಯಾರೋ ಕಂಡಕ್ಟರನಂತೆ ಎರಡು ಸಲ ಸೀಟಿ ಊದಿದರು. ಆ ಯಾರೋ ಯಾರೆಂದು ನಾನು ಹೇಳಬೇಕಾಗಿಲ್ಲ. ಗೆದ್ದಿದ್ದೆ!

ಆ ಸಂಭ್ರಮದಲ್ಲೇ ಅಜ್ಜಿ ಮತ್ತೆ ಬಾಯಿ ತೆರೆದರು. “ಪೆದ್ದಯ್ಯ, ಅದೇ ನಿಮ್ ದೊಡ್ ಮೇಷ್ಟ್ರು, ತೊಳ್ಕೊಂಡ, ಸರಿ. ನಾಲ್ಕು ವಾರದಿಂದ ನಮ್ ಹುಳಿನ್ ಮನೇಲಿ ಬಡ್ಕೊಳ್ತಾ ಇದ್ದಾನಲ್ಲ, ಆ ಮೇಷ್ಟ್ರು ತೊಳ್ದಿದ್ದಾನೇನೇ?”

ಹೀಗೆ ಪ್ರತಿ ಶನಿವಾರ, ಮಕ್ಕಳ ಹಾಜರಿ ನಾನು ತೆಗೆದುಕೊಳ್ಳುವ ಮೊದಲು ನನ್ನ ಎರಡೂ ಕಾಲುಗಳ ಹಾಜರಿಯನ್ನು ಅಜ್ಜಿ ತೆಗೆದುಕೊಳ್ಳುತ್ತಾರೆ. ಕಳೆದ ವಾರ ಎಡಗಾಲಿನ ಹಿಮ್ಮಡಿ ಸರಿಯಾಗಿಲ್ಲವೆಂದು ವಾಪಸ್ಸು ಕಳಿಸಿದರು.