ಗುರುಪಾದಸ್ವಾಮಿಯ ಬ್ಲೂಬೆರಿ ದಂಡು

"ಈ ಇತ್ಲಲ್ಲಿ ಒಂದೇ ಒಂದು ಉಳ ಉಸುರಾಡುದ್ರೂ ನನ್ನೆಸ್ರು ಗುರುಪಾದಸ್ವಾಮಿ ಅಲ್ಲ!"

ಯಳಂದೂರಿನ ತನ್ನ ಹಿತ್ತಲಿನಲ್ಲಿ ನಿಂತು ಗುರುಪಾದಸ್ವಾಮಿ ಹೀಗೆ ಘೋಷಿಸಿದಾಗ ಕೇಳಿಸಿಕೊಂಡವರು ಹೆಂಡತಿ ಪವಿತ್ರ, ಒಂದು ದಾಸವಾಳದ ಗಿಡ, ಮತ್ತು ನೆರಳುಬಲೆಯ ಕೆಳಗೆ ಕುಂಡಗಳಲ್ಲಿ ಸಾಲಾಗಿ ನಿಂತಿದ್ದ ಬ್ಲೂಬೆರಿ ಗಿಡಗಳು. ಇಡೀ ತಾಲ್ಲೂಕಿಗೆ ಬ್ಲೂಬೆರಿ ತಂದ ಮೊದಲ ಗಂಡಸು ತಾನೇ ಎಂಬುದು ಅವನ ಹೆಮ್ಮೆ. ಆ ಹೆಮ್ಮೆಗೆ ದಿನಕ್ಕೆರಡು ಸಲ ನೀರು ಹಾಕುತ್ತಿದ್ದ.

"ಅಂಗಾದ್ರೆ ಇವತ್ತಿಂದ ನಿಮ್ಮನ್ನ ಏನಂತ ಕರೀಲಿ?" ಎಂದು ಪವಿತ್ರ ಒಂದು ಎಲೆ ತಿರುಗಿಸಿ ತೋರಿಸಿದಳು. ಕೆಳಗೆ ಹಿಟ್ಟುತಿಗಣೆಗಳು! ಅಕ್ಕಿಹಿಟ್ಟಿನಲ್ಲಿ ಹೊರಳಾಡಿ ಬಂದ ನೆಂಟರಂತೆ ಒತ್ತಾಗಿ ಕೂತು ರಸ ಹೀರುತ್ತಿದ್ದವು.

"ಎಲ್ಲಾ ನಿನ್ ದಾಸ್ವಾಳದಿಂದ್ಲೇ ಬಂದವೆ! ಮೊದ್ಲು ಅದನ್ನ ಕಡುದ್ರೆ ಸರಿಓಯ್ತದೆ."

ದಾಸವಾಳವೆಂದರೆ ಪವಿತ್ರಳ ಪ್ರಾಣ. ಹನೂರಿನ ತವರಿನಿಂದ ಕಡ್ಡಿ ತಂದು ನೆಟ್ಟದ್ದು. ಬೆಳಗಿನ ಪೂಜೆಗೆ ಅದರದೇ ಹೂವು. ಆದರೆ ಅದರ ಮೈಯೂ ಬೆಳ್ಳಗಾಗಿದ್ದು ಸುಳ್ಳಲ್ಲ.

"ನಿಮ್ ಗಿಡ ಒಂದು ಬಟ್ಲು ಅಣ್ಣು ಕೊಡ್ಲಿ, ಮಚ್ಚು ನಾನೇ ತಂದ್ಕೊಡ್ತೀನಿ. ಕೊಡ್ದೇ ಓದ್ರೆ ನಿಮ್ ಕುಂಡ ಎಲ್ಲಾ ತಾರ್ಸಿಗೆ!"

ತಾರಸಿಯ ಬಿಸಿಲು ನೆನೆದೇ ಗುರುಪಾದಸ್ವಾಮಿಗೆ ಬೆವರು ಬಂತು. ಔಷಧಿ ಹೊಡೆಯೋಣವೆಂದರೆ ಗೋಡೆಯಾಚೆ ಪುಟ್ಟಸಿದ್ದಯ್ಯನ ರೇಷ್ಮೆ ಹುಳುವಿನ ಮನೆ. ಪಂಪಿನ ಸದ್ದು ಕೇಳಿದ್ದೇ ತಡ, ಗೋಡೆಯ ಮೇಲೆ ತಲೆ ಎದ್ದಿತು.

"ಲೇ ಗುರುಪಾದ, ಗಾಳಿ ಇತ್ಲಾಗೇ ಬೀಸ್ತಾ ಅದೆ ಕಣ್ಲಾ! ನನ್ ಉಳ ಸತ್ರೆ ಗೂಡು ನೀನು ಕಟ್ಟೀಯಾ?"

ಗೂಡು ಕಟ್ಟುವ ವಿದ್ಯೆ ಗುರುಪಾದಸ್ವಾಮಿಗೆ ಒಲಿದಿರಲಿಲ್ಲ. ಹಾಗಾಗಿ ಕೊಳ್ಳೇಗಾಲಕ್ಕೆ ಹೋದ. ಅಲ್ಲಿ ಹಿಪ್ಪುನೇರಳೆ ತೋಟಗಳಿಗೆಂದು ಗುಲಗಂಜಿ ಹುಳು ಸಾಕಿ ಕೊಡುವ ಮಾದಸ್ವಾಮಿ ಇದ್ದ. ತಿಗಣೆಯನ್ನೇ ತಿಂದು ಬದುಕುವ ವೀರ ಹುಳುಗಳು! ಡಬ್ಬಿ ಎದೆಗಪ್ಪಿಕೊಂಡು ಬಸ್ಸು ಹತ್ತಿದವನ ಹಿಂದೆ ಮಾದಸ್ವಾಮಿ ಓಡಿಬಂದ.

"ಸ್ವಾಮ್ಯೋರೇ, ಇವುಗಳ ಮರಿ ನೋಡಕ್ಕೆ..."

"ಗೊತ್ತು ಸಾ, ಎಲ್ಲಾ ಗೊತ್ತು!" ಬಸ್ಸು ಹೊರಟಿತು. ಗೊತ್ತಿಲ್ಲದ್ದು ಕೊಳ್ಳೇಗಾಲದಲ್ಲೇ ಉಳಿಯಿತು.

ದಂಡು ಬ್ಲೂಬೆರಿಯ ಮೇಲೆ ಇಳಿಯಿತು. ಗುರುಪಾದಸ್ವಾಮಿ ದಿನವೂ ಭೂತಗನ್ನಡಿ ಹಿಡಿದು ಎಲೆ ಎಲೆಯನ್ನೂ ತಪಾಸಣೆ ಮಾಡಿದ. ಕೆಲವು ವಾರ ಕಳೆದು ಒಂದು ಬೆಳಿಗ್ಗೆ ಚೀರಿದ.

"ಪವಿತ್ರಾ! ತಿಗಣೆ ಕೊಬ್ಬವೆ ಕಣೇ! ಮೈತುಂಬಾ ಉಣ್ಣೆ ಬೆಳೆಸ್ಕಂಡು ಕುರಿ ಅಂಗೆ ಓಡಾಡ್ತಾವೆ!"

ಅಷ್ಟೇ ಸಾಕಾಯಿತು. ಪುಟ್ಟ ಕುಂಚ ಹಿಡಿದು, ಒಂದನ್ನೂ ಬಿಡದೆ, ಕೊಬ್ಬಿದವುಗಳನ್ನೆಲ್ಲ ಬಟ್ಟಲಿಗೆ ಗುಡಿಸಿದ. ಸಣ್ಣವು ಆಮೇಲಾಗಲಿ, ಮೊದಲು ಸರದಾರರು! ಇನ್ನೇನು ಸೋಪಿನ ನೀರಿಗೆ ಸುರಿಯಬೇಕು, ಪವಿತ್ರ ಕೈ ಹಿಡಿದಳು.

"ಇವತ್ತು ಸೋಮ್ವಾರ ಕಣ್ರೀ! ಅಣೇಲಿ ಈಬೂತಿ, ಒಟ್ಟೇಲಿ ಒಪ್ಪೊತ್ತು. ಅಂತಾದ್ರಲ್ಲಿ ಜೀವ ತೆಗೀತೀರಾ?"

"ಅಷ್ಟೊಂದು ಕರುಣೆ ಇದ್ರೆ ನಿನ್ ದಾಸ್ವಾಳವೇ ಸಾಕ್ಕಳ್ಲಿ!" ಎಂದು ಅವನು ಬಟ್ಟಲನ್ನು ದಾಸವಾಳದ ಮೇಲೆ ಸುರಿದು ಕೈ ಝಾಡಿಸಿಕೊಂಡ. ಒಂದೇ ಏಟಿಗೆ ಎರಡು ಶತ್ರುಗಳ ನಾಶ! ಅಂದು ರಾತ್ರಿಯ ಒಪ್ಪೊತ್ತಿನ ಊಟ ಬಲು ರುಚಿಯಾಗಿತ್ತು.

ಮುಂದೆ ನಡೆದದ್ದು ಮಾತ್ರ ಪ್ರಳಯ. ಸರದಾರರು ಹೋದರೂ ಬ್ಲೂಬೆರಿಯ ಮೇಲೆ ಸಣ್ಣ ತಿಗಣೆಗಳು ಸಂಸಾರ ಬೆಳೆಸಿ ಎಲೆ ಮುದುಡಿಸಿದವು. ಇತ್ತ ದಾಸವಾಳವೋ, ಎಣ್ಣೆ ಸ್ನಾನ ಮಾಡಿ ಎದ್ದ ಮದುಮಗಳಂತೆ ಮೈತುಂಬ ಹೂ ಬಿಟ್ಟು ನಕ್ಕಿತು! ಅದರ ಕೊಂಬೆ ತಾಗುತ್ತಿದ್ದ ಒಂದು ಬ್ಲೂಬೆರಿ ಕುಂಡ ಮಾತ್ರ ಹೇಗೋ ಹಸಿರಾಗಿ ಉಳಿದು, ನೀಲಿ ಹಣ್ಣುಗಳನ್ನು ಹೊತ್ತಿತ್ತು.

ದಂಡಿನ ಪರಾಕ್ರಮ ನೋಡಲು ಕೊಳ್ಳೇಗಾಲದಿಂದ ಮಾದಸ್ವಾಮಿ ಬಂದವನು ಸೀದಾ ದಾಸವಾಳದ ಬಳಿ ಹೋದ. ಕೈಮುಗಿಯುವುದೊಂದು ಬಾಕಿ.

"ಆಹಾ! ನನ್ ಉಳ ಎಲ್ಲಾ ಇಲ್ಲೇ ಅವೆ! ಇವುಗಳ ಮರೀನೂ ತಿಗಣೆ ಅಂಗೇ ಬೆಳ್ಳಗೆ ಇರ್ತದೆ, ಗಾತ್ರ ಒಂದು ಜಾಸ್ತಿ. ಅದನ್ನೇ ಅವತ್ತು ಯೋಳಕ್ ಬಂದೆ, ನಿಮ್ ಬಸ್ಸು ಓಯ್ತು. ಮರಿಗಳೇ ಸ್ವಾಮ್ಯೋರೆ ಜಾಸ್ತಿ ತಿನ್ನೋದು! ಈ ಗಿಡ ಒಂದನ್ನ ಜ್ವಾಪಾನ ಮಾಡ್ಕಳಿ, ಇಲ್ಲಿಂದ್ಲೇ ಅವು ನಿಮ್ ಬ್ಲೂಬೆರಿಗೆ ಓಯ್ತವೆ."

ಅಂದು ಬಟ್ಟಲಿಗೆ ಗುಡಿಸಿದ ಸರದಾರರು ಯಾರೆಂದು ಹೊಳೆದು ಗುರುಪಾದಸ್ವಾಮಿ ಹಣೆ ಚಚ್ಚಿಕೊಂಡ. ಅಷ್ಟರಲ್ಲಿ ಪವಿತ್ರ ಆ ಒಂದೇ ಕುಂಡದ ಹಣ್ಣು ಬಿಡಿಸಿ ತಂದಳು. ಸರಿಯಾಗಿ ಒಂದು ಬಟ್ಟಲು! ಇನ್ನೊಂದು ಕೈಯಲ್ಲಿ ಮಚ್ಚು.

"ನೀವೇ ಗೆದ್ರಿ. ತಕಳಿ, ಕಡೀರಿ ದಾಸ್ವಾಳ!"

ಗುರುಪಾದಸ್ವಾಮಿ ಮಚ್ಚು ಇಸಿದುಕೊಂಡು ಬೆನ್ನ ಹಿಂದೆ ಬಚ್ಚಿಟ್ಟ. ಆಮೇಲೆ ಉಳಿದ ಕುಂಡಗಳನ್ನೆಲ್ಲ ಒಂದೊಂದಾಗಿ ದಾಸವಾಳದ ಬುಡಕ್ಕೆ ಎಳೆದು ತಂದ.

ಗೋಡೆಯ ಮೇಲೆ ಪುಟ್ಟಸಿದ್ದಯ್ಯನ ತಲೆ ಎದ್ದಿತು. "ಅಬ್ಬಬ್ಬಾ, ಅಣ್ಣೇ ಬಿಟ್ಬುಟ್ಟದಲ್ಲಾ! ಲೇ ಗುರುಪಾದ, ನಿಜ ಯೋಳ್ಲಾ, ಯಾವ ಔಷ್ದಿ ಒಡುದೆ?"

ಇಂಥ ಪ್ರಶ್ನೆಗಾಗಿಯೇ ಕಾದಿದ್ದ ಗುರುಪಾದಸ್ವಾಮಿ ಎದೆ ಉಬ್ಬಿಸಿ, ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಅಡುಗೆಮನೆಯಿಂದ ಪವಿತ್ರಳ ಉತ್ತರ ಬಂದೇಬಿಟ್ಟಿತು.

"ಸೋಮ್ವಾರ ಕಣಣ್ಣೋ, ಸೋಮ್ವಾರ!"