ಎಡ ಹಿಂದಿನ ಟೈರು ಮತ್ತು ನನ್ನ ಕಿವಿ

ದಿನಾಂಕ: 9-11-2025, ಭಾನುವಾರ, ಬೆಳಿಗ್ಗೆ 7 ಗಂಟೆ 20 ನಿಮಿಷ

ಇಂದ:
ಅತ್ತೆ (ನಿವೃತ್ತ ಭೌತಶಾಸ್ತ್ರ ಉಪನ್ಯಾಸಕಿ),
ಹಿಂದಿನ ಸೀಟು, ಎಡ ಕಿಟಕಿ.

ಗೆ:
ಅಳಿಯಂದಿರು,
ಚಾಲಕರು ಹಾಗೂ ಕಾರಿನ ಎರಡೂ ಕೀಗಳ ಪಾಲಕರು,
ಮುಂದಿನ ಸೀಟು.

ಮೂಲಕ: ಮಗಳು, ಅವರ ಪಕ್ಕದ ಸೀಟು.

ವಿಷಯ: ನನ್ನ ಕಿವಿಯ ಮೇಲಿನ ಆರೋಪ ಹಿಂಪಡೆದು ಕಾರಿನ ಕೀ ಮರಳಿಸುವ ಬಗ್ಗೆ.

ಉಲ್ಲೇಖ: 1. ಮೇ ತಿಂಗಳಲ್ಲಿ ಊಟದ ಮೇಜಿನಲ್ಲಿ ತಾವು ಹೊರಡಿಸಿದ ಮೌಖಿಕ ಆದೇಶ.
2. ನಿನ್ನೆ ಸಂಜೆ ತಾವೇ ಆಡಿದ ಮಾತು: "ಏನಿದು, ಗುಂಯ್ ಅಂತಿದೆ?"

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಕಳೆದ ವರ್ಷ ಆಗಸ್ಟಿನಲ್ಲಿ ತಾವು ಕಾರನ್ನು ಹಿಂದಕ್ಕೆ ತೆಗೆಯುವಾಗ ಎಡ ಹಿಂದಿನ ಚಕ್ರ ಫುಟ್‌ಪಾತಿನ ಕಲ್ಲಿಗೆ ಬಡಿಯಿತು. ನಾನು "ಕಲ್ಲು" ಎಂದಿದ್ದೆ. ತಾವು "ಗೊತ್ತು ಅತ್ತೆ" ಎಂದಿರಿ. ಗೊತ್ತಿದ್ದೂ ಬಡಿದದ್ದರ ಕಾರಣವನ್ನು ಈ ಅರ್ಜಿ ಕೇಳುವುದಿಲ್ಲ.

2. ಈ ವರ್ಷ ಮಾರ್ಚ್‌ನಿಂದ, ಕಾರು ಅರವತ್ತರ ವೇಗ ಮುಟ್ಟಿದಾಗಲೆಲ್ಲ ನನ್ನ ಸೀಟಿನ ಕೆಳಗೆ ದುಂಬಿ ಹೊಕ್ಕಂತೆ ಶಬ್ದ. ಹೇಳಿದೆ. ತಾವು ರೇಡಿಯೋ ಆರಿಸಿ, ಆಲಿಸಿ, ಏನೂ ಇಲ್ಲವೆಂದು ಮತ್ತೆ ಹಾಕಿದಿರಿ. ಮಗಳು ಮೆಲ್ಲಗೆ, "ಅಮ್ಮ, ಒಂದ್ಸಲ ಕಿವಿ ತೋರಿಸ್ಕೊಂಡು ಬರೋಣ" ಎಂದಳು. ತೋರಿಸಲಾಯಿತು. "ವಯಸ್ಸಿಗೆ ತಕ್ಕಂತಿದೆ" ಎಂದು ವೈದ್ಯರು ಬರೆದರು. ಮನೆಯಲ್ಲಿ ಅದರ ಮೊದಲ ಪದವನ್ನಷ್ಟೇ ಓದಲಾಯಿತು. ಇಲ್ಲದ ಶಬ್ದ ಕೇಳುವವರಿಗೆ ಇರುವ ಹಾರ್ನ್ ಕೇಳಿಸದು ಎಂಬ ತರ್ಕದ ಮೇಲೆ, ಉಲ್ಲೇಖ 1ರ ಆದೇಶದಂತೆ, ನನ್ನ ಬಳಿಯಿದ್ದ ಕೀ ತಮ್ಮ ಜೇಬು ಸೇರಿತು.

3. ಕಿವಿಯೊಳಗಿನ ಶಬ್ದ ಸಿಗ್ನಲ್‌ನಲ್ಲಿ ನಿಲ್ಲುವುದಿಲ್ಲ. ಇದು ಕೆಂಪು ದೀಪಕ್ಕೆ ನಿಂತು, ಹಸಿರಾದ ಮೇಲೆ ವೇಗದೊಂದಿಗೆ ಏರುತ್ತಿತ್ತು. ನನ್ನ ಕಿವಿ ಸಂಚಾರ ನಿಯಮ ಪಾಲಿಸುತ್ತದೆಯೇ ಎಂದು ಅಂದೇ ಕೇಳಿದ್ದೆ. ತಾವು ರೇಡಿಯೋ ಜೋರು ಮಾಡಿದಿರಿ.

4. ಸದರಿ ಕೀ ಇಲ್ಲದ ಕಾರಣ, ಬಸ್ಸು ಹೋಗದ ಕಡೆ ಮಂಡಿನೋವಿನಿಂದ ಮನೆ ಹಿಡಿದಿರುವ ನನ್ನ ಗೆಳತಿಯ ಮನೆಗೆ ಗುರುವಾರದ ಭೇಟಿ ನಿಂತಿದೆ. ಅಲ್ಲಿ ಚದುರಂಗದ ಆಟವೊಂದು ಅರ್ಧಕ್ಕೇ ಉಳಿದಿದೆ. ನಡೆ ನನ್ನದು. ಮಣೆಯನ್ನು ಕೆಲಸದಾಕೆಗೂ ಮುಟ್ಟಲು ಬಿಡದೆ ಆಕೆ ಕಾಯುತ್ತಿದ್ದಾಳೆ. "ಬರ್ತೀಯೋ, ಸೋಲೊಪ್ಕೋತೀಯೋ?" ಎಂದು ಮೊನ್ನೆ ಫೋನಿನಲ್ಲಿ ಕೇಳಿದಳು.

5. ಮಗಳ ಕೋರಿಕೆಯ ಮೇರೆಗೆ ಈ ಅಂಶವನ್ನು ಕೈಬಿಡಲಾಗಿದೆ.

6. ನಿನ್ನೆ ತಾವು ಕೈಪಿಡಿ ನೋಡಿಕೊಂಡು ಹಿಂದಿನ ಟೈರುಗಳನ್ನು ಮುಂದಕ್ಕೂ ಮುಂದಿನವನ್ನು ಹಿಂದಕ್ಕೂ ಹಾಕಿದಿರಿ. ಸಂಜೆ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ತಮ್ಮ ಮುಖ ಸಣ್ಣಗಾಗಿತ್ತು. ಗುಂಯ್ ಎನ್ನುವ ಶಬ್ದಕ್ಕೆ ಬೋಲ್ಟು, ಬೇರಿಂಗು, ಕೊನೆಗೆ ರಸ್ತೆಯ ಮೇಲೂ ಅನುಮಾನಪಟ್ಟು, "ಟೈರು ಬದಲಾಯಿಸಿದ್ದೇ ತಪ್ಪಾಯ್ತು ಅತ್ತೆ" ಎಂದಿರಿ. ನಾನಾದರೋ ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಹಿಂದಿನ ಸೀಟಿನಲ್ಲಿ ನೆಮ್ಮದಿಯಾಗಿ ಕುಳಿತಿದ್ದೆ.

7. ಕಾರು ನಿಂತ ಮೇಲೆ, ಈಗ ಮುಂದಿರುವ ಆ ಎಡ ಟೈರಿನ ಮೇಲೆ ಅಂಗೈ ಆಡಿಸಿದೆ. ಒಂದು ದಿಕ್ಕಿಗೆ ನುಣುಪು, ಎದುರು ದಿಕ್ಕಿಗೆ ಗರಗಸ. ಕಲ್ಲಿಗೆ ಬಡಿದು ಓರೆಯಾದ ಚಕ್ರ ನೆಟ್ಟಗೆ ಉರುಳದೆ, ರಸ್ತೆಗೆ ಉಜ್ಜಿಕೊಂಡೇ ಸಾಗಿ ರಬ್ಬರನ್ನು ಹಾಗೆ ಸವೆಸಿದೆ. ಆದ್ದರಿಂದ ಸದರಿ ಶಬ್ದ ಹೊಸ ನೇಮಕಾತಿ ಅಲ್ಲ; ಹಿಂದಿನಿಂದ ಮುಂದಕ್ಕೆ ವರ್ಗಾವಣೆ.

ಈ ಎಲ್ಲ ಕಾರಣಗಳಿಂದ, ಹಿಂದಿನ ಚಕ್ರದ ಓರೆಯನ್ನು ಗ್ಯಾರೇಜಿನಲ್ಲಿ ಸರಿಪಡಿಸಿ, ನನ್ನ ಕಿವಿಯ ಮೇಲಿನ ಆರೋಪವನ್ನು ಹೊರಡಿಸಿದ ಮೇಜಿನಲ್ಲೇ ಹಿಂಪಡೆದು, ಗುರುವಾರದೊಳಗೆ ಒಂದು ಕೀ ಮಂಜೂರು ಮಾಡಬೇಕಾಗಿ ಕೋರಿಕೆ. ಕ್ಷಮೆ ಕೇಳಬೇಕಾಗಿಲ್ಲ, ಕೀ ಸಾಕು. ಸಂದೇಹವಿದ್ದಲ್ಲಿ ತಾವು ಹಿಂದಿನ ಸೀಟಿನಲ್ಲಿ ಕುಳಿತು ನನ್ನ ಚಾಲನೆಯನ್ನು ಪರೀಕ್ಷಿಸಬಹುದು. ಕಲ್ಲು ಕಂಡರೆ ಹೇಳಿ. ಕೇಳಿಸುತ್ತದೆ.

ಕಲ್ಲಿಗೆ ಬಡಿದ ನಂತರವೂ ತಮ್ಮ ವಿಶ್ವಾಸಿ,
ಅತ್ತೆ

ಲಗತ್ತುಗಳು:
1. ಕಿವಿ ತಪಾಸಣೆಯ ವರದಿ, ಪೂರ್ತಿ ವಾಕ್ಯಕ್ಕೆ ಅಡಿಗೆರೆ ಎಳೆದದ್ದು.
2. ಎಡ ಟೈರಿನ ಮೇಲೆ ಹಾಳೆಯಿಟ್ಟು ಪೆನ್ಸಿಲಿನಿಂದ ಉಜ್ಜಿ ತೆಗೆದ ಅಚ್ಚು.
3. ಹಿಂದಿನ ಸೀಟಿನಿಂದ ಸ್ಟೀರಿಂಗ್‌ವರೆಗಿನ ದೂರ, ಟೇಪಿನಲ್ಲಿ ಅಳೆದಂತೆ: 1 ಮೀಟರ್ 12 ಸೆಂಟಿಮೀಟರ್.