ಮಾವನವರ ಕೆಮ್ಮು ಮತ್ತು ಮೂಡಲಕಣಿವೆಯ ಚರಿತ್ರೆ

ಕಂಡವರ ದನಿ ತೆಗೆದು ಅಣಕಿಸುವ ಚಟವಿರುವ ನನ್ನಂಥವರು ಸ್ವಂತ ದನಿಯನ್ನು ಬಳಸುವುದೇ ಕಡಿಮೆ. ಹೊಸ ಪಾತ್ರೆಯ ಹಾಗೆ ಅದು ಅಟ್ಟದ ಮೇಲಿರುತ್ತದೆ. ಬೇಕೆಂದಾಗ ಇಳಿಸಿದರೆ ಮುಚ್ಚಳ ಸಿಗುವುದಿಲ್ಲ. ವಿಜಯನಗರದ ನಮ್ಮ ಬೀದಿಯ ಸೊಪ್ಪಿನ ಆಂಟಿಯಿಂದ ಹಿಡಿದು ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳುವ ಹೆಂಗಸಿನವರೆಗೆ ನಾನು ಯಾರನ್ನೂ ಬಿಟ್ಟವನಲ್ಲ. ಆದರೆ ನನಗೆ ಹೆಸರು ತಂದುಕೊಟ್ಟವರು ಕುರುಬರಹಳ್ಳಿಯ ಚನ್ನವೀರಪ್ಪನವರು. ನಾನು ಮದುವೆಯಾಗಬೇಕೆಂದಿರುವ ಸುಮಾಳ ಅಪ್ಪ. ಮದುವೆಗೆ ಅವರು ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ; "ನೋಡಾಣ" ಅಂದಿದ್ದರು.

ಅವರ ಮನೆಗೆ ಯಾರೇ ಹೋಗಲಿ, ಮೊದಲು ಮೂಡಲಕಣಿವೆಯ ಚರಿತ್ರೆ, ಆಮೇಲೆ ಕಾಫಿ. ಮೂರು ಬೆಟ್ಟಗಳ ನಡುವೆ ಬೋಗುಣಿಯಲ್ಲಿಟ್ಟಂತಿರುವ ಆ ಪುಟ್ಟ ಊರು ಅವರದು. ಪಾಳೆಯಗಾರನ ಕುದುರೆಯ ಗೊರಸು ಮೂಡಿದ ಬಂಡೆ, ಬೇಸಿಗೆಯಲ್ಲೂ ಬತ್ತದ ಕಲ್ಯಾಣಿ, ಸಂಜೆಯಾಗುವ ಮೊದಲೇ ಬೆಟ್ಟದ ಹಿಂದೆ ಜಾರಿಕೊಳ್ಳುವ ಸೋಮಾರಿ ಸೂರ್ಯ. ಒಂದೊಂದು ಬೆಟ್ಟಕ್ಕೂ ಮೊದಲು ಒಂದು ಗಂಭೀರ ಕೆಮ್ಮು. ಅವರ ಮುಂದೆ ಕೇಳಿ ಕೇಳಿ, ಅವರ ಹಿಂದೆ ಸುಮಾಳನ್ನು ನಗಿಸಲು ಹೇಳಿ ಹೇಳಿ, ನನಗದು ಬಾಯಿಪಾಠವಾಗಿತ್ತು.

ಆ ಊರಿಂದ ಬಂದು ಲಗ್ಗೆರೆ, ಕೆಂಗೇರಿ ಅಂತ ನೆಲೆಸಿದವರೆಲ್ಲ ವರ್ಷಕ್ಕೊಮ್ಮೆ ಬಸವೇಶ್ವರನಗರದ ಸಮುದಾಯ ಭವನವೊಂದರಲ್ಲಿ ಸೇರುತ್ತಾರೆ. ಚನ್ನವೀರಪ್ಪನವರು ಮೂರನೇ ಬೆಟ್ಟ ಇಳಿಯುವವರೆಗೆ ಊಟದ ಎಲೆ ಹಾಕುವಂತಿಲ್ಲ. ಈ ಸಲ ಅವರ ಗಂಟಲು ಪೂರ್ತಿ ಕಟ್ಟಿತ್ತು. ಮಾತಾಡಕೂಡದೆಂದು ಡಾಕ್ಟರ ಅಪ್ಪಣೆ. ಭವನದ ಬಾಗಿಲಲ್ಲಿ ನನ್ನನ್ನು ಕಂಡವರೇ ವೇದಿಕೆಯತ್ತ ಬೆರಳು ತೋರಿಸಿದರು.

"ನೀನೇ ಹೇಳ್ಬೇಕಂತೆ ಕಣೋ," ಅಂದಳು ಸುಮಾ. ಆಮೇಲೆ ಕಿವಿಯ ಹತ್ತಿರ ಬಂದು, "ಅಪ್ಪನ ದನಿ ಏನಾದ್ರೂ ತೆಗೆದ್ಯೋ, ಮದುವೆ ಮರೆತುಬಿಡು."

ಮೈಕು ಹಿಡಿದು ನಿಂತೆ. "ಎಲ್ಲರಿಗೂ ನಮಸ್ಕಾರ. ಮೂಡಲಕಣಿವೆ..." ಎಂದೆ, ನನ್ನದೇ ದನಿಯಲ್ಲಿ. ಅಷ್ಟೇ. ಮುಂದಿನ ಒಂದು ಪದವೂ ಬರಲಿಲ್ಲ. ಆಗ ಗೊತ್ತಾಯಿತು: ನಾನು ಆ ಚರಿತ್ರೆಯನ್ನು ಕಲಿತದ್ದು ಅವರ ದನಿಯಲ್ಲಿ, ಆ ದನಿ ಬಿಟ್ಟರೆ ಚರಿತ್ರೆಯೂ ಇಲ್ಲ. ಅಡುಗೆಮನೆಯಿಂದ ಸಾರಿನ ಘಮ ಬರುತ್ತಿತ್ತು. "ಬೇಗ ಬಿಡು ಗುರು, ಹೊಟ್ಟೆ ತಾಳ ಹಾಕ್ತೈತೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಮುಂದಿನ ಸಾಲಿನಲ್ಲಿ ಕುತ್ತಿಗೆಗೆ ಶಾಲು ಸುತ್ತಿಕೊಂಡ ಚನ್ನವೀರಪ್ಪನವರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಅಷ್ಟರಲ್ಲಿ ತಾನಾಗಿಯೇ ಒಂದು ಕೆಮ್ಮು ಬಂತು. ನನ್ನದಲ್ಲ, ಅವರದು.

"ನೋಡ್ರಪ್ಪಾ, ಮೂಡ್ಲಾಗಿರೋ ಬೆಟ್ಟ ಐತಲ್ಲಾ, ಅದು ಬೆಟ್ಟ ಅಲ್ಲ ಕಣ್ರಪ್ಪಾ, ನಮ್ಮೂರ ತಲೆಬಾಗ್ಲು!"

ಭವನ ಗೊಳ್ಳೆಂದಿತು. ಸುಮಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಿಲ್ಲಿಸಿದರೆ ಮತ್ತೆ ಮರೆಯುತ್ತದೆಂಬ ಭಯಕ್ಕೆ ಎರಡನೇ ಬೆಟ್ಟ ಹತ್ತಿದೆ, ಕಲ್ಯಾಣಿಗಿಳಿದೆ, ಮೂರನೆಯದಕ್ಕೆ ಕಾಲಿಟ್ಟೆ. ಚನ್ನವೀರಪ್ಪನವರು ಎದ್ದು ನಿಂತರು. ನಗು ಪಟ್ಟನೆ ನಿಂತಿತು. ಒಂದೊಂದೇ ಮೆಟ್ಟಿಲು ಹತ್ತಿ ಬಂದು ನನ್ನ ಕೈಯಿಂದ ಮೈಕು ಕಿತ್ತುಕೊಂಡರು. ನನ್ನ ಮದುವೆ ಆ ಮೂರು ಬೆಟ್ಟಗಳ ನಡುವೆ ಎಲ್ಲೋ ಸಮಾಧಿಯಾಯಿತೆಂದುಕೊಂಡೆ. ಸತ್ತ ಗಂಟಲಿನಿಂದ ಅವರು ಪಿಸುಗುಟ್ಟಿದರು:

"ಮೂರ್ನೇ ಬೆಟ್ಟಕ್ಕೆ ಕೆಮ್ಮೋದು ಮರ್ತೆಯಲ್ಲಪ್ಪಾ."

ಕೆಮ್ಮಿದೆ. ಎಲೆ ಬಿದ್ದವು.

ಗಂಟಲು ಸರಿಹೋದ ಮೇಲೆ ನಮ್ಮ ಅಪ್ಪ ಅಮ್ಮನನ್ನು ಅವರು ಮನೆಗೆ ಕರೆದರು. ಕಾಫಿಗೆ ಮೊದಲು ಚರಿತ್ರೆ ಬರಲಿಲ್ಲ. ಚನ್ನವೀರಪ್ಪನವರು ಎದ್ದು ನಿಂತು, ಕಿವಿ ಕೆರೆದುಕೊಂಡು, ಒಂದು ಪಾದವನ್ನು ಇನ್ನೊಂದರ ಮೇಲಿಟ್ಟು, ಕೀರಲು ದನಿಯಲ್ಲಿ ಶುರುಮಾಡಿದರು: "ಅಂಕಲ್... ಅದೂ... ಸುಮಾ... ಅಂದ್ರೆ ನಾನು... ಕೆಲ್ಸ ಇದೆ ಅಂಕಲ್..." ನಮ್ಮಮ್ಮ ಕಣ್ಣೊರೆಸಿಕೊಂಡು ನಗುತ್ತಿದ್ದಳು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕು, ಯಾರೇ ಅದು ಪೆದ್ದ ಎಂದು ಸುಮಾಳನ್ನು ಕೇಳಿದೆ.

"ನೀನೇ ಕಣೋ!"

ಮದುವೆಯ ದಿನ ಆಡಲೆಂದು ಈಗ ನನ್ನ ದನಿಯನ್ನು ಅಭ್ಯಾಸ ಮಾಡುತ್ತಿದ್ದೇನೆ. ಇನ್ನೂ ಸರಿಯಾಗಿ ಕೂತಿಲ್ಲ. ಮಾವನವರು ತೆಗೆದದ್ದೇ ಹೆಚ್ಚು ನನ್ನ ಹಾಗಿದೆ ಎನ್ನುತ್ತಾರೆ ಎಲ್ಲರೂ.